ಹತ್ತೂಕಾಲಿನ ಹಾಜರಿ

ಚಹಾದ ಮೇಲೆ ಕೆನೆ ಕಟ್ಟಿತ್ತು. ಲಕ್ಷ್ಮಣ ಅದನ್ನು ತೋರುಬೆರಳಿನಿಂದ ಎತ್ತಿದ. ಎಲ್ಲಿ ಒರೆಸಬೇಕೆಂದು ತಿಳಿಯದೆ ಅತ್ತಿತ್ತ ನೋಡಿ ಕೊನೆಗೆ ಮೇಜಿನ ಅಡಿಗೆ ಒರೆಸಿದ. ಅಲ್ಲಿ ಬೆರಳಿಗೆ ಇನ್ನೇನೋ ತಾಗಿತು, ಒಣಗಿ ಗಟ್ಟಿಯಾದದ್ದು, ಇವನಿಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂತ ಯಾರೋ ಒರೆಸಿ ಹೋದದ್ದು. ಕೈ ಥಟ್ಟನೆ ಹಿಂದೆಳೆದುಕೊಂಡ. ಎದುರಿಗೆ ದೈಹಿಕ ಶಿಕ್ಷಣದ ಮುತ್ತುರಾಜ ಮಾಸ್ತರರು ಒಂದು ಕಾಲನ್ನು ಕುರ್ಚಿಯ ಮೇಲಿಟ್ಟು ಉಗುರು ಕತ್ತರಿಸಿ, ಅದೇ ದಿನದ ಪತ್ರಿಕೆಯ ಮೇಲೆ ಗುಡ್ಡೆ ಹಾಕುತ್ತಿದ್ದರು. ಲಕ್ಷ್ಮಣನ ಮುಂದೆ ಒಂದು ಕಾಗದವಿತ್ತು. ಹಾಜರಿ ಕೊರತೆಯಿಂದ ಆರನೆಯ ಸೆಮಿಸ್ಟರ್ ಪರೀಕ್ಷೆಗೆ ಕೂಡುವಂತಿಲ್ಲದವರ ಪಟ್ಟಿ. ಹನ್ನೊಂದು ಹೆಸರು. ಐದನೆಯದು ಭಾಗ್ಯಾ, ತಂದೆ ಹುಲ್ಲಪ್ಪ, ಊರು ರಾಮಥಾಳ, ವಿಷಯ ಇತಿಹಾಸ, ಶೇಕಡಾ ನಲವತ್ತೊಂದು. ಈ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು ಲಕ್ಷ್ಮಣ. ಪಟ್ಟಿಯ ಕೆಳಗೆ ಅವನ ಸಹಿ ಬೇಕಿತ್ತು. ನಾಲ್ಕು ಗಂಟೆಯೊಳಗೆ ಅದು ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಈ ಹುಡುಗಿ ತರಗತಿಯಲ್ಲಿದ್ದಳು ಎಂದು ಅವನು ಬೇರೆ ಕಾಗದದಲ್ಲಿ ಒಂದೇ ಒಂದು ಸಾಲು ಬರೆದುಕೊಟ್ಟರೆ ಐದನೆಯ ಹೆಸರು ಅಳಿಯುತ್ತಿತ್ತು. ಬರೆಯದಿದ್ದರೆ ಅವಳ ಡಿಗ್ರಿ ಇಲ್ಲಿಗೆ ಮುಗಿಯುತ್ತಿತ್ತು. ಬರುವ ವರ್ಷ ಮತ್ತೆ ಬಂದು ಪರೀಕ್ಷೆ ಕಟ್ಟಲಿ ಎನ್ನುವುದೆಲ್ಲ ಪ್ರಾಂಶುಪಾಲರ ಬಾಯಿಮಾತು. ಹಾಗೆ ಮನೆಗೆ ಹೋದ ಹುಡುಗಿಯೊಬ್ಬಳು ವಾಪಸು ಬಂದದ್ದನ್ನು ಲಕ್ಷ್ಮಣ ಹನ್ನೊಂದು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಅವಳು ತರಗತಿಯಲ್ಲಿದ್ದಳು. ಅದು ಅವನಿಗೆ ಚೆನ್ನಾಗಿ ಗೊತ್ತು. ಈ ಸೆಮಿಸ್ಟರಿನಲ್ಲಿ ಅವನ ಪೀರಿಯಡ್ಡು ವಾರಕ್ಕೆ ಎರಡು ದಿನ ಮಧ್ಯಾಹ್ನ, ಆ ನಲವತ್ತೊಂದು ಅಲ್ಲಿಂದಲೇ ಬಂದದ್ದು; ಉಳಿದ ದಿನ ಹತ್ತು ಗಂಟೆಗೆ. ರಾಮಥಾಳದ ಕಡೆಯ ಬಸ್ಸು ಕಾಲೇಜಿರುವ ಹುನಗುಂದ ಮುಟ್ಟುವುದು ಹತ್ತೂಕಾಲಿಗೆ, ಅದೂ ಡ್ರೈವರನಿಗೆ ಮನಸ್ಸು ಬಂದು ನಿಲ್ಲಿಸಿದರೆ. ಪುಕ್ಕಟೆ ಟಿಕೆಟ್ಟಿನ ಹೆಣ್ಣುಮಕ್ಕಳೇ ಗುಂಪಾಗಿ ನಿಂತಿದ್ದರೆ ಕೆಲವರು ಬ್ರೇಕು ಮುಟ್ಟುವುದಿಲ್ಲ. ಅಂಥ ದಿನ ಟಂಟಂ ಆಟೋ ಹಿಡಿದು ಬರುತ್ತಿದ್ದಳು. ಬಸ್‌ಸ್ಟ್ಯಾಂಡಿನಿಂದ ಓಡುತ್ತ ಬಂದು ಹತ್ತೂಇಪ್ಪತ್ತಕ್ಕೆ ಬಾಗಿಲಲ್ಲಿ ನಿಂತು, ದುಪಟ್ಟಾದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಬರ್ಲೇನ್ರಿ ಸರ್ ಎನ್ನುವುದು. ಲಕ್ಷ್ಮಣ ಬೋರ್ಡಿನ ಕಡೆ ತಿರುಗಿಕೊಂಡೇ ಕೈಸನ್ನೆ ಮಾಡುವುದು: ಬಾ, ಹಿಂದೆ ಕೂಡು, ಹಾಜರಿ ಕೇಳಬೇಡ. ಮೊದಲ ಐದು ನಿಮಿಷದಲ್ಲಿ ಹೆಸರು ಕೂಗಿ ರಿಜಿಸ್ಟರ್ ಮುಚ್ಚಿದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ತೆರೆಯುವುದಿಲ್ಲ ಎಂಬುದು ಅವನ ಕಾಯ್ದೆ. ಬೇರೆ ಯಾವ ಮಾಸ್ತರರಿಗೂ ಇಲ್ಲದ ಈ ಕಾಯ್ದೆಯ ಬಗ್ಗೆ ಅವನಿಗೆ ಒಳಗೊಳಗೇ ಜಂಬವಿತ್ತು. ಪಾಠ ಕೇಳಬಾರದೆಂದು ನಾನು ಯಾರನ್ನೂ ಹೊರಗೆ ಹಾಕಿಲ್ಲ ಎಂದು ಸ್ಟಾಫ್‌ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದ. ಅವಳು ಕೇಳುತ್ತಿದ್ದಳು. ಅವನು ಹೇಳಿದ್ದನ್ನಷ್ಟೇ ಅಲ್ಲ, ಬಾದಾಮಿಯ ಗುಹೆಗಳ ಪಾಠ ಮಾಡುವಾಗ ಅವನು ಹೇಳಲು ಮರೆತದ್ದನ್ನೂ ಗ್ರಂಥಾಲಯದಲ್ಲಿ ಹುಡುಕಿ ಬರೆದುಕೊಳ್ಳುತ್ತಿದ್ದಳು. ಎರಡು ತಿಂಗಳ ಹಿಂದೆ ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬಂದಾಗ, ವಿದ್ಯಾರ್ಥಿಗಳ ಉತ್ತಮ ಟಿಪ್ಪಣಿಯ ಮಾದರಿ ಬೇಕೆಂದರು ಎಂದು, ಅವಳದೇ ನೋಟ್‌ಬುಕ್ಕನ್ನು ಇಸಿದುಕೊಂಡು ಝೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿದವನು ಲಕ್ಷ್ಮಣನೇ. ಅದರ ಪುಟಪುಟದಲ್ಲೂ ತಾರೀಖುಗಳಿದ್ದವು. ಅವಳು ಗೈರುಹಾಜರೆಂದು ಅವನು ಬರೆದ ದಿನಗಳ ತಾರೀಖುಗಳು. ಆ ಫೈಲು ಈಗಲೂ ಪ್ರಾಂಶುಪಾಲರ ಕಪಾಟಿನಲ್ಲಿತ್ತು, ಕಾಲೇಜಿಗೆ ಒಳ್ಳೆಯ ದರ್ಜೆ ಕೊಡಿಸಿತ್ತು.

ಬೆಳಿಗ್ಗೆ ಅವಳು ಸ್ಟಾಫ್‌ರೂಮಿಗೆ ಬಂದು ಮೇಜಿನಿಂದ ಎರಡು ಮಾರು ದೂರ ನಿಂತಿದ್ದಳು. ಆ ಎರಡು ಮಾರು ಅವನಿಗೆ ಪರಿಚಯದ ದೂರವಾಗಿತ್ತು. ಮೈಯ ವಾಸನೆ ಇನ್ನೊಬ್ಬರಿಗೆ ತಾಗಬಾರದೆಂದು ಎಷ್ಟು ದೂರ ನಿಲ್ಲಬೇಕು ಎನ್ನುವ ಲೆಕ್ಕ ಕುರಿ ಕಾಯುವವರ ಮನೆಯಿಂದ ಬಂದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಸರ್, ನಿಮ್ಮ ಕ್ಲಾಸ್ ಒಂದೂ ಬಿಟ್ಟಿಲ್ಲರಿ ನಾ. ನಿಮಗ ಗೊತ್ತೈತಿ."

"ನೋಡಮ್ಮ, ನನಗೆ ಗೊತ್ತಿರೋದು ಬೇರೆ, ರಿಜಿಸ್ಟರ್ ಬೇರೆ." ಲಕ್ಷ್ಮಣ ಕಾಲೇಜಿನಲ್ಲಿ ಆಡುತ್ತಿದ್ದದ್ದು ಈ ಕನ್ನಡ. ಟೀವಿ ನೋಡಿ, ಮೈಸೂರಿನಲ್ಲಿ ಎರಡು ತಿಂಗಳು ತರಬೇತಿಗೆ ಹೋಗಿ ರೂಢಿಸಿಕೊಂಡದ್ದು. ಊರು ಯಾವುದೆಂದು ಯಾರಾದರೂ ಕೇಳಿದರೆ ಬಾಗಲಕೋಟೆ ನವನಗರ ಎನ್ನುತ್ತಿದ್ದ.

"ಹತ್ತೂಕಾಲಿನ ಬಸ್ಸಿಗಿಂತ ಮದಲ ಒಂದೂ ಬಸ್ಸಿಲ್ಲರಿ."

"ಹಾಸ್ಟೆಲ್ಲಿಗೆ ಅರ್ಜಿ ಹಾಕಬೇಕಿತ್ತು."

"ಮೂರು ವರ್ಷಾನೂ ಹಾಕೇನ್ರಿ. ಸೀಟ ಸಿಗಲಿಲ್ಲ." ಅವಳು ದನಿ ತಗ್ಗಿಸಿ ಮುಂದುವರಿಸಿದಳು. "ಅಪ್ಪನ ಫೋನಿಗೆ ಕಾಲೇಜಿಂದ ಮೆಸೇಜ್ ಹೋಗೇತ್ರಿ, ನಿಮ್ಮ ಮಗಳು ಕ್ಲಾಸಿಗೆ ಬರೂದಿಲ್ಲ ಅಂತ. ಊರಾಗ ಯಾರೋ ಓದಿ ಹೇಳ್ಯಾರ. ಇವತ್ತ ಬರ್ತಾನ್ರಿ. ಅವ ಪರೀಕ್ಷಿ ಬಗ್ಗೆ ಕೇಳಾಂವಲ್ಲ. ಕಾಲೇಜ ಅಂತ ಹೇಳಿ ನಾ ದಿನಾ ಎಲ್ಲಿ ಹೋಗ್ತಿದ್ದೆ ಅಂತ ಕೇಳಾಂವ. ಅತ್ತಿ ಮಗನ ಕೂಡ ಮದಿವಿ ಮಾತು ನಡದು ಎರಡು ವರ್ಷ ಆತ್ರಿ. ಆಕಿದು ಡಿಗ್ರಿ ಮುಗಿಯೂತನಕ ಆ ಮಾತ ಎತ್ತಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿ ನಿಲ್ಸಿದಾಂವ ಅಪ್ಪನರಿ. ನಾ ಸುಳ್ಳು ಹೇಳೇನಿ ಅಂತ ಅಂವಗ ಅನಿಸಿದ್ರ ಮುಗೀತ್ರಿ ಸರ್."

"ನೋಡೋಣ," ಎಂದಿದ್ದ ಲಕ್ಷ್ಮಣ. ಈ ಪದಕ್ಕೆ ಯಾವ ಅರ್ಥವೂ ಇಲ್ಲವೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತೋ ಏನೋ, ತಲೆಯಾಡಿಸಿ ಹೋದಳು. ಅವಳು ಹೋದ ಮೇಲೆ ಕೋಣೆಯಲ್ಲಿ ಉಣ್ಣೆಯ ವಾಸನೆ ಉಳಿದಿದೆಯೇ ಎಂದು ಅವನ ಮೂಗು ತಾನಾಗಿಯೇ ಹುಡುಕಿತು. ಏನೂ ಇರಲಿಲ್ಲ. ಅವಳು ಅಗ್ಗದ ಸೋಪು ಹಾಕಿ ಉಜ್ಜಿಕೊಂಡು ಬಂದಿದ್ದಳು. ತಾನೂ ಉಜ್ಜಿಕೊಳ್ಳುತ್ತಿದ್ದ, ಬಾಗಲಕೋಟೆಯಲ್ಲಿ ಬಿ.ಎ. ಓದುವಾಗ, ದಿನಕ್ಕೆರಡು ಸಲ, ಚರ್ಮ ಕೆಂಪಾಗುವವರೆಗೆ. ಮೊದಲ ವಾರದಲ್ಲೇ ಒಬ್ಬ ಮಾಸ್ತರರು ತರಗತಿಯ ನಡುವೆ ಪಾಠ ನಿಲ್ಲಿಸಿ ಮೂಗಿನ ಮುಂದೆ ಕೈ ಬೀಸಿಕೊಂಡು, ತಮ್ಮಾ ನೀ ಕಿಟಕಿ ಕಡೆ ಕೂಡಪಾ, ಸ್ವಲ್ಪ ಗಾಳಿ ಆಡ್ಲಿ, ಎಂದಿದ್ದರು. ಭಾಳ ಅಕ್ಕರೆಯಿಂದಲೇ ಅಂದಿದ್ದರು. ಇಡೀ ತರಗತಿ ನಕ್ಕಿತ್ತು, ಅವನೂ ನಕ್ಕಿದ್ದ. ಮೂರು ವರ್ಷ ಅದೇ ಕಿಟಕಿ. ಅಷ್ಟಾದ ಮೇಲೆ ಮನುಷ್ಯನಾದವನಿಗೆ ಕಿಟಕಿಯ ಬದಿ ಕೂತವರ ಮೇಲೆ ಕರುಣೆ ಹುಟ್ಟಬೇಕಲ್ಲವೇ. ಅವನಿಗೆ ಹುಟ್ಟಿದ್ದು ಕಾಯ್ದೆ. ನಾನು ಪಟ್ಟಿದ್ದೇನೆ, ಇವರೂ ಪಡಲಿ ಎಂಬ ಕೊಳಕು ಯೋಚನೆ ಶಿಸ್ತು ಎಂಬ ಹೆಸರಿನಲ್ಲಿ ತನ್ನೊಳಗೆ ಇಷ್ಟು ವರ್ಷ ಕೂತಿತ್ತೆಂದು ಈಗ ಹೊಳೆದು, ಬಾಯಿಯಲ್ಲಿ ಚಹಾ ಒಗರಾಯಿತು.

ಪ್ರಾಂಶುಪಾಲ ಸಂಗಯ್ಯನವರು ಹನ್ನೆರಡಕ್ಕೆ ಕರೆಸಿದರು. ಅವರ ಕೋಣೆಯಲ್ಲಿ ಊದಿನಕಡ್ಡಿಯ ಬೂದಿ ಮೇಜಿನ ಗಾಜಿನ ಮೇಲೆಲ್ಲ ಬಿದ್ದಿತ್ತು. ಬೆಳಿಗ್ಗೆ ಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದವು. ಹನ್ನೆರಡನೆಯವನು ರಾಜೇಶ, ಇಳಕಲ್ಲಿನ ಸೀರೆ ವ್ಯಾಪಾರಿಯ ಮಗ, ಮೂವತ್ತು ದಿನ ಕಾಮಾಲೆಯಾಗಿತ್ತೆಂದು ಡಾಕ್ಟರ ಚೀಟಿ ತಂದಿದ್ದ. ಆ ಮೂವತ್ತು ದಿನವೂ ಇಳಕಲ್ಲಿನಲ್ಲಿ ಲಕ್ಷ್ಮಣನ ಬಾಡಿಗೆ ಮನೆಯ ಮುಂದೆಯೇ ಅವನ ಬೈಕು ಕಿರುಚಿಕೊಂಡು ಹೋಗುತ್ತಿತ್ತು. ಆ ಚೀಟಿಯ ಮೇಲೆ ಲಕ್ಷ್ಮಣ ತಕರಾರಿಲ್ಲದೆ ಸಹಿ ಮಾಡಿದ್ದ. ಅದಕ್ಕೆ ಯೋಚಿಸಬೇಕೆಂದೇ ಅನ್ನಿಸಿರಲಿಲ್ಲ, ಅಷ್ಟು ಸಲೀಸಾಗಿ ಕೈ ಓಡಿತ್ತು.

"ಏನ್ರಿ ಲಕ್ಷ್ಮಣ, ಆ ರಾಮಥಾಳದ ಹುಡುಗಿ ನನ್ನ ಕಡೆನೂ ಬಂದಿತ್ತು," ಎಂದರು ಸಂಗಯ್ಯನವರು. "ಕ್ಲಾಸಿನ್ಯಾಗ ಇದ್ಳು ಅಂತ ನೀವು ಬರದ ಕೊಟ್ರ ನಂದೇನೂ ಇಲ್ಲ. ಸಹಿ ಹೊಡದ ಬಿಡ್ತೇನಿ. ಆದ್ರ ಹನ್ನೊಂದ ಮಂದಿಯೊಳಗ ಈಕಿ ಒಬ್ಬಾಕೀನ ಯಾಕ ಅಂತ ಯಾರರೆ ಕೇಳಿದ್ರ ಉತ್ತರಾ ನೀವ ಕೊಡಬೇಕು." ಆಮೇಲೆ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಳ್ಳುತ್ತ, ಮಳೆ ಬಂತೇನು ಎಂದು ಕೇಳುವ ದನಿಯಲ್ಲಿ ಕೇಳಿದರು: "ನಿಮ್ಮ ಪೈಕಿ ಏನು?"

"ಅಯ್ಯೋ ಇಲ್ಲ ಸರ್. ನನಗೂ ಅವರಿಗೂ ಏನೂ ಸಂಬಂಧ ಇಲ್ಲ."

ಉತ್ತರ ಎಷ್ಟು ಬೇಗ ಬಂತೆಂದರೆ ಪ್ರಶ್ನೆ ಮುಗಿಯುವುದರೊಳಗೆ ಬಂದಂತಿತ್ತು. ಸಂಗಯ್ಯನವರು ಪೆನ್ನಿನ ತುದಿಯನ್ನು ನೋಡಿ, ಅಂಗಿಗೆ ಒರೆಸಿ, ಹಂಗಾದ್ರ ನೀವುಂಟು ನಿಮ್ಮ ರಿಜಿಸ್ಟರ್ ಉಂಟು, ಎಂದರು. ಹನ್ನೊಂದು ವರ್ಷದಿಂದ ಲಕ್ಷ್ಮಣ ಈ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಪ್ರತಿ ಜೂನಿನಲ್ಲಿ ಇದೇ ಮೇಜಿನ ಮುಂದೆ ನಿಂತು, ಈ ವರ್ಷವೂ ಇರಲೇ ಎಂದು ಕೇಳಬೇಕು. ಆದರೆ ಆ ಹೆದರಿಕೆಯಿಂದ ತಾನು ಹಾಗೆಂದೆ ಎಂದರೆ ಅದು ತನಗೆ ತಾನೇ ಹೇಳಿಕೊಳ್ಳುವ ಇನ್ನೊಂದು ಸುಳ್ಳು. ಸಂಗಯ್ಯನವರು ಕೆಲಸ ಕಿತ್ತುಕೊಳ್ಳುತ್ತೇನೆ ಎಂದಿರಲಿಲ್ಲ. ಬರೆದುಕೊಡಬೇಡ ಎಂದೂ ಹೇಳಿರಲಿಲ್ಲ. ಪೈಕಿ ಎಂಬ ಒಂದು ಮಾತು, ಅಷ್ಟೇ. ರಾಜೇಶನ ಪೈಕಿ ಯಾರು ಎಂದು ಈ ಕಟ್ಟಡದಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಭಾಗ್ಯಾ ಬೇರೆ ಯಾವ ಜಾತಿಯವಳಾಗಿದ್ದರೂ ತಾನು ಆ ಒಂದು ಸಾಲು ಬರೆದು ಬಿಸಾಕುತ್ತಿದ್ದೆ, ದೊಡ್ಡ ಮನಸ್ಸಿನವನೆಂದು ಅನ್ನಿಸಿಕೊಳ್ಳುತ್ತಿದ್ದೆ ಎಂದು ಲಕ್ಷ್ಮಣನಿಗೆ ಮೆಟ್ಟಿಲಿಳಿಯುವಾಗ ಸ್ಪಷ್ಟವಾಗಿ ಗೊತ್ತಾಯಿತು. ತನ್ನವಳೆಂಬ ಒಂದೇ ಕಾರಣಕ್ಕೆ ಅವಳ ಹೆಸರು ಆ ಪಟ್ಟಿಯಲ್ಲಿ ಉಳಿಯುತ್ತದೆ. ಒಂದು ಗಂಟೆಗೆ ಅವನು ಸಹಿ ಮಾಡಿದ. ಸಹಿ ಮಾಡಿದ ಕೈಯಿಂದಲೇ ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ಪುಂಡಿಪಲ್ಲೆಯಲ್ಲಿ ಅದ್ದಿ ತಿಂದ. ತಿನ್ನುವಾಗ ತನ್ನ ಬಾಯಿ ಮಾಡುತ್ತಿದ್ದ ಸಪ್ಪಳ ಅವನಿಗೆ ಅಸಹ್ಯವಾಗಿ ಕೇಳಿಸಿತು. ಆದರೂ ಹಸಿವಾಗಿತ್ತು, ಎಲ್ಲ ತಿಂದ.

ಮೂರು ಗಂಟೆಗೆ ಜವಾನ ಖಾಸಿಂಸಾಬ ಬಂದು, "ಸರ್, ರಾಮಥಾಳದಿಂದ ಆ ಹುಡುಗಿ ತಂದಿ ಬಂದಾನ," ಎಂದ. ಖಾಸಿಂಸಾಬ ಹಣ್ಣಾದ ಮನುಷ್ಯ, ಬೆಳಿಗ್ಗೆ ಕಾಲೇಜಿನ ಗೇಟು ತೆಗೆಯುವವನೂ ಅವನೇ, ಹತ್ತು ಗಂಟೆಗೆ ಮುಚ್ಚಿ ತಡವಾಗಿ ಬಂದವರಿಗೆ ಗೊಣಗುತ್ತ ಮತ್ತೆ ತೆಗೆಯುವವನೂ ಅವನೇ. ಅವನ ಹಿಂದೆ ಹುಲ್ಲಪ್ಪ ಬಂದ. ಚಪ್ಪಲಿಯನ್ನು ಹೊರಗೇ ಬಿಟ್ಟು, ಎತ್ತರದ ಮೈಯನ್ನು ಬಾಗಿಲಿಗೆ ಬಗ್ಗಿಸಿ, ಹೆಗಲ ಮೇಲೆ ಕರಿಯ ಕಂಬಳಿ. ಕಂಬಳಿಯ ವಾಸನೆ ಕೋಣೆ ತುಂಬಿತು. ಮುತ್ತುರಾಜ ಮಾಸ್ತರರು ಎದ್ದು ಹೋಗಿ ಫ್ಯಾನಿನ ವೇಗ ಹೆಚ್ಚಿಸಿ ಬಂದು ಕೂತರು. ಭಾಗ್ಯಾ ತಂದೆಯ ಬೆನ್ನ ಹಿಂದೆ ಗೋಡೆಗೆ ಹತ್ತಿ ನಿಂತಳು. ಅಷ್ಟರಲ್ಲಿ ಪಟ್ಟಿ ಒಯ್ಯಲು ಸಂಗಯ್ಯನವರೇ ಬಂದು, ಒಳಗೆ ಮಂದಿ ಇರುವುದನ್ನು ನೋಡಿ ಬಾಗಿಲಲ್ಲೇ ನಿಂತರು.

"ನಮಸ್ಕಾರ್ರಿ ಮಾಸ್ತರ," ಎಂದ ಹುಲ್ಲಪ್ಪ. "ನಮ್ಮ ಹುಡುಗೀನ ಪರೀಕ್ಷಿಗೆ ಕುಂಡರಿಸ್ರಿ ಅಂತ ಕೇಳಾಕ ಬಂದಿಲ್ಲರಿ ನಾ. ಅದು ನಿಮ್ಮ ಕಾಯ್ದೆ, ನನಗ ತಿಳಿಯೂದಿಲ್ಲ. ನನಗ ಒಂದ ಮಾತು ಬೇಕಾಗೇತಿ. ನಸುಕಿನ್ಯಾಗ ಏಳ್ತಾಳ, ಕುರಿ ದಡ್ಡಿ ಕಸಾ ಬಳೀತಾಳ, ರೊಟ್ಟಿ ಬಡದಿಟ್ಟು ಬಸ್ಸಿಗೆ ಅಂತ ಹೊಕ್ಕಾಳ. ಬಂದಿಲ್ಲ ಅಂತ ನೀವು ಬರದೀರಿ. ಬಂದೇನಿ ಅಂತ ಆಕಿ ಅಂತಾಳ. ಇಬ್ಬರೊಳಗ ಒಬ್ಬರದು ಸುಳ್ಳು ಇರಬೇಕಲ್ಲರಿ."

"ರಿಜಿಸ್ಟರಿನಲ್ಲಿ ಹಾಜರಿ ಇಲ್ಲ," ಎಂದ ಲಕ್ಷ್ಮಣ.

"ಪುಸ್ತಕದ್ದು ಬಿಡ್ರಿ. ನನಗ ಓದಾಕ ಬರೂದಿಲ್ಲ. ನೀವು ಕಣ್ಣೀಲೆ ನೋಡಿದ್ದು ಹೇಳ್ರಿ. ಬಂದಿದ್ಳು ಅಂದ್ರ, ಈ ವರ್ಷ ಹೋದ್ರ ಹೋಗ್ಲಿ, ಮುಂದಿನ ವರ್ಷ ಮತ್ತ ಕಳಸ್ತೇನಿ. ಊರವರ ಬಾಯಿ ನಾ ಮುಚ್ಚಸ್ತೇನಿ. ಬಂದಿಲ್ಲ ಅಂದ್ರ ಇವತ್ತ ಹಿಂದ ಕರಕೊಂಡ ಹೋಗಿ ಅಕ್ಕನ ಮಗಗ ಮಾತು ಕೊಡ್ತೇನಿ. ಅಷ್ಟರಿ."

ಹುಲ್ಲಪ್ಪ ಸೊಂಟದಿಂದ ಒಂದು ಸಣ್ಣ ಬಟ್ಟೆಯ ಚೀಲ ಬಿಚ್ಚಿದ. ಬಿಚ್ಚುವ ಮುಂಚೆಯೇ ಲಕ್ಷ್ಮಣನಿಗೆ ಗೊತ್ತಾಯಿತು, ಒಳಗೆ ಭಂಡಾರ, ಕುರಿ ಕಾಯುವವರ ದೇವರು ಬೀರಪ್ಪನ ಗುಡಿಯ ಅರಿಷಿಣದ ಪುಡಿ. ಅವನ ಊರಿನಲ್ಲಿ ಒಬ್ಬರ ಹಿಂಡಿನ ಕುರಿ ಇನ್ನೊಬ್ಬರ ಹಿಂಡಿನಲ್ಲಿ ಸೇರಿಹೋಗಿ, ಕಿವಿಯ ಗುರುತು ಮಾಸಿ, ನನ್ನದು ತನ್ನದು ಎಂದು ಜಗಳ ಬಿದ್ದರೆ ಪಂಚರು ಸಾಕ್ಷಿ ಕೇಳುತ್ತಿರಲಿಲ್ಲ. ಕೈಯಲ್ಲಿ ಭಂಡಾರ ಹಾಕುತ್ತಿದ್ದರು. ಅದನ್ನು ಹಿಡಿದುಕೊಂಡು ನನ್ನದೆಂದರೆ ಅವನದು. ಆಮೇಲೆ ಮಾತಿಲ್ಲ, ಅನುಮಾನವಿಲ್ಲ, ಮಗ್ಗುಲಲ್ಲೇ ಕೂತು ಉಣ್ಣುವುದು. ಒಮ್ಮೆ ಅವನ ದೊಡ್ಡಪ್ಪ, ಸುಳ್ಳಿನಲ್ಲಿ ಊರಿಗೇ ಹೆಸರಾದವನು, ಭಂಡಾರ ಅಂಗೈಗೆ ಬಿದ್ದೊಡನೆ ಗಂಟಲು ಕಟ್ಟಿ, ಕುರಿಯನ್ನು ಎತ್ತಿ ಪರರ ಹಿಂಡಿಗೆ ಬಿಟ್ಟು ಬಂದಿದ್ದ. ಇದೆಲ್ಲ ಈಗೇಕೆ ಎಂದು ಲಕ್ಷ್ಮಣ ಅಂದುಕೊಳ್ಳುವಷ್ಟರಲ್ಲಿ ಅವನ ಬಲಗೈ ಮುಂದೆ ಚಾಚಿತ್ತು, ಎಡಗೈ ತಾನಾಗಿ ಬಲ ಮೊಳಕೈಯ ಕೆಳಗೆ ಬಂದು ನಿಂತಿತ್ತು. ಚಿಕ್ಕಂದಿನಲ್ಲಿ ಅವ್ವ ಕಲಿಸಿದ್ದು. ಇಪ್ಪತ್ತು ವರ್ಷ ಸೋಪು ಹಾಕಿ ತೊಳೆದರೂ ಕೈ ಮರೆತಿರಲಿಲ್ಲ.

ಹುಲ್ಲಪ್ಪ ಆ ಮೊಳಕೈ ನೋಡಿದ. ಅವನ ಮುಖದಲ್ಲಿದ್ದ ಬಿಗುವು ಸಡಿಲಿತು. "ನೀವೂ ಬೀರಪ್ಪನ ಒಕ್ಕಲೇನ್ರಿ," ಎಂದ, ಕೇಳುವಂತಲ್ಲ, ಮನೆಗೆ ಬಂದಂತೆ. "ನನಗ ಗೊತ್ತ ಇರಲಿಲ್ಲ ನೋಡ್ರಿ. ಹಂಗಾದ್ರ ಇನ್ನ ಚಿಂತಿ ಇಲ್ಲ." ಅಂಗೈ ತುಂಬ ಭಂಡಾರ ಹಾಕಿದ. "ಹೇಳ್ರಿ. ನಮ್ಮ ಭಾಗ್ಯಾ ಕ್ಲಾಸಿಗೆ ಬರ್ತಿದ್ಳೋ ಇಲ್ಲೋ?"

ಲಕ್ಷ್ಮಣನಿಗೆ ನಾಲಿಗೆಯ ಮೇಲೆ ನಿಜ ಬಂದೇ ಇತ್ತು. ದಿನಾ ಬರ್ತಿದ್ಳಪ್ಪಾ, ಓಡಿಕೋತ ಬರ್ತಿದ್ಳು, ತಪ್ಪು ಬರದಾಂವ ನಾನ. ಅದು ಅವನ ಊರಿನ ಮಾತಿನಲ್ಲೇ ಬಂದಿತ್ತು, ಎಷ್ಟೋ ವರ್ಷಗಳ ಮೇಲೆ. ಆಗ ಬಾಗಿಲ ಕಡೆ ಕಣ್ಣು ಹೋಯಿತು. ಸಂಗಯ್ಯನವರು ನಗುತ್ತಿದ್ದರು. ದೊಡ್ಡ ನಗುವಲ್ಲ, ತುಟಿಯ ಒಂದು ಮೂಲೆಯದು, ಗೊತ್ತಾಯಿತು ಬಿಡಪ್ಪಾ ಎಂಬಂಥದ್ದು. ಅವರ ಕಣ್ಣು ಲಕ್ಷ್ಮಣನ ಹಳದಿ ಅಂಗೈ ಮೇಲಿತ್ತು, ಆಮೇಲೆ ಮೇಜಿನ ಮೇಲೆ ಅವನ ಸಹಿ ಹೊತ್ತು ಕೂತಿದ್ದ ಪಟ್ಟಿಯ ಮೇಲೆ ಬಂತು. ಮುತ್ತುರಾಜ ಮಾಸ್ತರರೂ ನೋಡುತ್ತಿದ್ದರು. ಬಟ್ಟೆ ಕಳಚಿ ನಿಲ್ಲಿಸಿದಂತಾಯಿತು. ಈಗ ಬಂದಿದ್ದಳೆಂದರೆ, ಸಹಿ ಸುಳ್ಳು, ಸಂಬಂಧವಿಲ್ಲವೆಂದದ್ದು ಸುಳ್ಳು, ತನ್ನವರ ಕೈ ಕಂಡೊಡನೆ ಮಾತು ತಿರುಗಿಸಿದ ಎಂದಾಗುತ್ತದೆ. ನಾಳೆ ಈ ಕೋಣೆಯಲ್ಲಿ ಅದೇ ಮಾತು. ಆ ಕಿಟಕಿ.

"ಇಲ್ಲ," ಎಂದ ಲಕ್ಷ್ಮಣ. "ಬರುತ್ತಿರಲಿಲ್ಲ."

ಏನೂ ಆಗಲಿಲ್ಲ. ಗಂಟಲು ಕಟ್ಟಲಿಲ್ಲ, ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ಅಂಗೈಯ ಪುಡಿ ಒಂದಿಷ್ಟು ಹಾರಿ ಅಂಗಿಯ ಮೇಲೆ ಬಿತ್ತು. ಇಷ್ಟು ಸುಲಭವೇ ಎಂದು ಅವನಿಗೆ ಅನ್ನಿಸಿತು.

ಮಾತಾಡಿದವನು ಖಾಸಿಂಸಾಬ. "ಹಂಗ ಹ್ಯಾಂಗ ಅಂತೀರಿ ಸರ್?" ಎಂದ, ದನಿಯೇರಿಸದೆ. ಆಮೇಲೆ ಹುಲ್ಲಪ್ಪನ ಕಡೆ ತಿರುಗಿದ. "ತಮ್ಮಾ, ನಿನ್ನ ಮಗಳು ದಿನಾ ಬರ್ತಿದ್ಳು. ಗೇಟ ತಗಿಯಾಂವ ನಾನ. ಹತ್ತೂಕಾಲ, ಹತ್ತೂಇಪ್ಪತ್ತಕ್ಕ ಬರಾಕಿ. ಬಸ್ಸಿಂದ ತಡಾ ಆಗ್ತಿತ್ತು, ಅಷ್ಟ. ಇವ್ರ ಕ್ಲಾಸಿನ್ಯಾಗ ಹಿಂದ ಕುಂದರ್ತಿದ್ಳು. ಈ ಎರಡೂ ಕಣ್ಣೀಲೆ ನೋಡೇನಿ."

ಹುಲ್ಲಪ್ಪ ಖಾಸಿಂಸಾಬನನ್ನು ಬಹಳ ಹೊತ್ತು ನೋಡಿದ. ಒಂದು ಗಳಿಗೆ ಅವನ ಕಣ್ಣಿನಲ್ಲಿ ಆಸೆ ಹೊತ್ತಿದ್ದನ್ನು ಲಕ್ಷ್ಮಣ ಕಂಡ. ಭಾಗ್ಯಾಳೂ ಕಂಡಳು, ಗೋಡೆ ಬಿಟ್ಟು ಅರ್ಧ ಹೆಜ್ಜೆ ಮುಂದೆ ಬಂದಳು. ನೋಡು, ನಂಬು, ಅವನನ್ನು ನಂಬು ಎಂದು ಲಕ್ಷ್ಮಣನೂ ಒಳಗೇ ಬೇಡಿಕೊಂಡ. ತಾನು ಬಾಯಿ ಬಿಡದೆ, ಬೇರೆಯವನ ನಿಜದಿಂದ ಅವಳು ಉಳಿದರೆ ಸಾಕೆಂದು ಬೇಡಿಕೊಳ್ಳುವ ಆ ಹೇಡಿತನವೂ ಅವನಿಗೆ ಕಾಣುತ್ತಿತ್ತು.

ಹುಲ್ಲಪ್ಪ ಮುದುಕನ ಹೆಗಲ ಮೇಲೆ ಕೈಯಿಟ್ಟ. "ನೀ ಭಾಳ ಛಲೋ ಮನಶ್ಯಾ ಅದಿ. ಹೆಣ್ಣ ಹುಡುಗಿ ಅಂತ ಅಂತಃಕರಣಾ ಬಂದು ಹೇಳಾಕತ್ತಿ. ನನಗ ತಿಳೀತೈತಿ. ಆದ್ರ ಅವ್ರ ಕೈಯಾಗ ಭಂಡಾರ ಐತಿ ನೋಡು."

"ಯಪ್ಪಾ," ಎಂದಳು ಭಾಗ್ಯಾ. ಭಂಡಾರ ಹಿಡಿದವರ ಮಾತಿನ ಮೇಲೆ ಮಾತಿಲ್ಲವೆಂದು ಅವಳೂ ಅದೇ ಮನೆಯಲ್ಲಿ ಕಲಿತವಳು.

"ಸುಮ್ಮನಿರವ್ವಾ," ಎಂದ ಹುಲ್ಲಪ್ಪ, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ಲಕ್ಷ್ಮಣನಿಗೆ ಹಗುರಾಗುತ್ತಿತ್ತು. ಆ ಎತ್ತರದ ಮನುಷ್ಯ ಕಂಬಳಿಯನ್ನು ಹೆಗಲಿಂದ ಇಳಿಸಿ ಕೈಯಲ್ಲಿ ಹಿಡಿದು, ಬಗ್ಗಿ, ಲಕ್ಷ್ಮಣನ ಬೂಟಿನ ತುದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ದೇವರ ಒಕ್ಕಲ ಮ್ಯಾಲ ಸಂಶೇ ಪಟ್ಟೆ. ತಪ್ಪಾತ್ರಿ. ಬಾರವ್ವಾ, ನೀನೂ ತಪ್ಪಾತು ಅನ್ನು, ಕಾಲ ಬೀಳು. ಕಲಿಸಿದವ್ರು."

ಕಾಲು ಹಿಂದೆ ತೆಗೆಯಬೇಕೆಂದು ಲಕ್ಷ್ಮಣನಿಗೆ ಅನ್ನಿಸಿತು. ತೆಗೆಯಲಿಲ್ಲ. ಭಾಗ್ಯಾ ಬಂದು ಮಂಡಿಯೂರಿದಳು. ಅವಳ ಜಡೆಯ ಬೈತಲೆ ಅವನ ಕಣ್ಣ ಕೆಳಗಿತ್ತು, ಬೆಳಿಗ್ಗೆ ಅವಸರದಲ್ಲಿ ತೆಗೆದದ್ದು, ಸೊಟ್ಟಗಿತ್ತು. ತಪ್ಪಾತೆಂದು ಅವಳು ಅನ್ನಲಿಲ್ಲ. ಎರಡೂ ಕೈ ಬೂಟಿನ ಮೇಲಿಟ್ಟು ಹಣೆ ಹಚ್ಚಿದಳು. ಹನ್ನೊಂದು ವರ್ಷದಲ್ಲಿ ನೂರಾರು ಮಕ್ಕಳು, ಪರೀಕ್ಷೆಯ ಹಿಂದಿನ ದಿನ, ಬೀಳ್ಕೊಡುಗೆಯ ದಿನ, ಹೀಗೆ ಬಗ್ಗಿದಾಗ ಅವನ ಬಾಯಿಯಿಂದ ಬರುತ್ತಿದ್ದ ಮಾತು, ಅವನು ಕರೆಯದೆಯೇ, ತಡೆಯುವುದಕ್ಕೂ ಮುಂಚೆ ಬಂದುಬಿಟ್ಟಿತು.

"ಚೆನ್ನಾಗಿ ಓದಮ್ಮ."

ಭಾಗ್ಯಾ ತಲೆ ಎತ್ತಿ ಅವನ ಮುಖವನ್ನು ನೇರವಾಗಿ ನೋಡಿದಳು.

"ಆತ್ರಿ ಸರ್," ಎಂದಳು, ಎದ್ದು ಅಪ್ಪನ ಹಿಂದೆ ಹೋದಳು.